ಕಾಣದ ಬದಿಯ ಹೊಣೆ

ಉಪಕರಣ ಉತ್ತಮವಾದಷ್ಟೂ ಕೆಲಸ ಉತ್ತಮವಾಗುತ್ತದೆ ಎಂಬುದು ಲೋಕದ ನಂಬಿಕೆ. ಬಹುಮಟ್ಟಿಗೆ ಅದು ನಿಜವೂ ಹೌದು. ಮೊಂಡು ಉಳಿಯಿಂದ ಚೆಲುವಾದ ಬಾಗಿಲುವಾಡ ಕೆತ್ತಿದ ಬಡಗಿಯನ್ನು ನಾವು ಮೆಚ್ಚಬಹುದು. ಹಾಗೆಂದು ಮಿಕ್ಕ ಬಡಗಿಗಳೆಲ್ಲ ಮೊಂಡು ಉಳಿಯನ್ನೇ ಹಿಡಿಯಲಿ ಎಂದು ಯಾರೂ ಹೇಳುವುದಿಲ್ಲ. ಆದರೆ ಉಪಕರಣವು ಕೈಯ ಶ್ರಮವನ್ನು ಕಡಮೆ ಮಾಡಿದಾಗ ಅದರೊಂದಿಗೆ ಮನಸ್ಸಿನ ಹೊಣೆಯನ್ನೂ ಕಡಮೆ ಮಾಡುತ್ತದೆಯೆ? ಶ್ರಮವನ್ನು ಯಂತ್ರಕ್ಕೆ ಒಪ್ಪಿಸಿದಂತೆ ಹೊಣೆಯನ್ನೂ ಒಪ್ಪಿಸಿ ಕೈತೊಳೆದುಕೊಳ್ಳಲು ಬರುತ್ತದೆಯೆ? ಪ್ರಶ್ನೆ ಹಳೆಯದು. ಜಾಲಪುಟಗಳನ್ನು ಕಟ್ಟುವ ಕೆಲಸದಲ್ಲಿ ಹಲವು ವರ್ಷಗಳನ್ನು ಕಳೆದಿರುವ ನನಗೆ, ಆ ಕೆಲಸದ ಎಡಿಟರುಗಳಲ್ಲಿ ಒಂದರ ಹಿಂದೊಂದು ಬರುತ್ತಿರುವ ಹೊಸ ಅನುಕೂಲಗಳನ್ನು ಕಾಣುವಾಗಲೆಲ್ಲ ಅದು ಹೊಸದಾಗಿಯೇ ಎದುರು ನಿಲ್ಲುತ್ತದೆ. ವಿಷಯ ಕಂಪ್ಯೂಟರಿಗೆ ಸೇರಿದ್ದೆಂದು ವಾಚಕರು ಪುಟ ಮಗುಚಬೇಕಾಗಿಲ್ಲ. ಇದು ಮನುಷ್ಯನು ಮನುಷ್ಯನಿಗೆ ಕೊಡಬೇಕಾದ ಮಾತಿನ ವಿಷಯ. ಯಂತ್ರ ನಡುವೆ ಬಂದಿದೆ, ಅಷ್ಟೆ.

ಮೊದಲು ಜಾಲಪುಟವೆಂದರೆ ಏನೆಂಬುದನ್ನು ಸ್ಪಷ್ಟಮಾಡಿಕೊಳ್ಳೋಣ. ಧಾರವಾಡದ ಕಡೆಯ ಕಸೂತಿಯನ್ನು ನೋಡಿದವರಿಗೆ ಗವಂತಿ ಎಂಬ ಹೊಲಿಗೆ ಗೊತ್ತಿರುತ್ತದೆ. ಅದರಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಸೀರೆಯ ಮೇಲುಬದಿಯಲ್ಲಿ ಹೇಗೋ ಒಳಬದಿಯಲ್ಲಿಯೂ ಹಾಗೆಯೇ ಚಿತ್ರ ಮೂಡುತ್ತದೆ. ಜಾಲಪುಟಕ್ಕೂ ಇಂತಹ ಎರಡು ಬದಿಗಳಿವೆ. ತೆರೆಯ ಮೇಲೆ ನಾವು ನೋಡುವ ಅಕ್ಷರ, ಬಣ್ಣ, ಚಿತ್ರಗಳದು ಮೇಲುಬದಿ. ಅದರ ಒಳಬದಿ ಒಂದು ಬರಹ. ‘ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ, ಇದು ಬೇರೊಂದು ಪುಟಕ್ಕೆ ಕೊಂಡಿ, ಇಲ್ಲೊಂದು ಚಿತ್ರ’ ಎಂದು ಸಣ್ಣ ಸಣ್ಣ ಗುರುತುಗಳಿಂದ ಹೇಳುವ ಬರಹ. ಎಚ್‌ಟಿಎಂಎಲ್ ಎಂಬುದು ಆ ಗುರುತುಗಳ ಭಾಷೆ. ಬ್ರೌಸರು ಒಳಬದಿಯನ್ನು ಓದಿ ಮೇಲುಬದಿಯನ್ನು ಬಿಡಿಸುತ್ತದೆ. ಕಸೂತಿಯಲ್ಲಿ ಎರಡು ಬದಿಯೂ ಒಂದೇ ದಾರದಿಂದ ಆದದ್ದು, ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ. ಜಾಲಪುಟದಲ್ಲಿ ಹಾಗಲ್ಲ. ಒಳಬದಿ ಪೂರ್ತಿ ಗೋಜಲಾಗಿದ್ದರೂ ಮೇಲುಬದಿ ಥಳಥಳಿಸುತ್ತಿರಬಹುದು. ನಮ್ಮ ತೊಡಕೆಲ್ಲ ಹುಟ್ಟುವುದು ಇಲ್ಲಿಯೇ.

ಜಾಲವನ್ನು ಹುಟ್ಟಿಸಿದವರಿಗೆ ಈ ಒಳಬದಿಯನ್ನು ಎಲ್ಲರೂ ಕೈಯಿಂದಲೇ ಬರೆಯಬೇಕೆಂಬ ಹಟವಿರಲಿಲ್ಲ. ಟಿಮ್ ಬರ್ನರ್ಸ್-ಲೀ ಅವರು ೧೯೯೦ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ನೆಕ್ಸ್ಟ್ ಎಂಬ ಗಣಕದ ಮೇಲೆ ಬರೆದ ಮೊದಲ ಬ್ರೌಸರು, ಓದುವ ಸಾಧನವಾಗಿದ್ದಂತೆ ಬರೆಯುವ ಸಾಧನವೂ ಆಗಿತ್ತು. ಓದುತ್ತಿದ್ದ ಕಿಟಕಿಯಲ್ಲೇ ತಿದ್ದಬಹುದಾಗಿತ್ತು, ಗುರುತುಗಳನ್ನು ಕಣ್ಣಿನಿಂದ ಕಾಣಬೇಕಾದ ಅಗತ್ಯವಿರಲಿಲ್ಲ. ಆದುದರಿಂದ, ಗುರುತುಗಳನ್ನು ಮರೆಮಾಡುವ ಎಡಿಟರು ಈ ಕಾಲದ ಕೆಡುಕು ಎಂದು ಹಳಬರು ಮೂಗು ಮುರಿದರೆ ಅದು ನ್ಯಾಯವಲ್ಲ. ಜನ್ಮದಿಂದಲೇ ಬಂದ ಆಸೆ ಅದು. ಆದರೆ ೧೯೯೩ರಲ್ಲಿ ಬಂದು ಜನಪ್ರಿಯವಾದ ಮೊಸಾಯಿಕ್ ಮುಂತಾದ ಬ್ರೌಸರುಗಳು ಓದಲಿಕ್ಕೆ ಮಾತ್ರ ಇದ್ದವು. ಬರೆಯುವವರು ಬೇರೆ, ಓದುವವರು ಬೇರೆ ಆದರು. ಬರೆಯುವವರಿಗಾಗಿಯೇ ಪ್ರತ್ಯೇಕ ಸಾಧನಗಳ ವ್ಯಾಪಾರ ಹುಟ್ಟಿತು. ೧೯೯೫ರಲ್ಲಿ ಫ್ರಂಟ್‌ಪೇಜ್ ಬಂತು, ಮರುವರ್ಷ ಅದನ್ನು ಮೈಕ್ರೋಸಾಫ್ಟ್ ಕೊಂಡಿತು. ೧೯೯೭ರ ಕೊನೆಯಲ್ಲಿ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಬಂತು. ೨೦೦೫ರಲ್ಲಿ ಅದು ಅಡೋಬಿಯ ಪಾಲಾಯಿತು.

‘ಕಂಡದ್ದೇ ದೊರೆಯುತ್ತದೆ’ ಎಂಬುದು ಈ ಸಾಧನಗಳ ಘೋಷವಾಗಿತ್ತು. ತೆರೆಯ ಮೇಲೆ ಚಿತ್ರವನ್ನು ಎಳೆದಿಡಿ, ಅಕ್ಷರವನ್ನು ದೊಡ್ಡದು ಮಾಡಿ, ಬಣ್ಣ ತುಂಬಿ; ಒಳಗಿನ ಬರಹವನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಅವು ಅಭಯ ಕೊಟ್ಟವು. ಇದರಿಂದ ಎಷ್ಟೋ ಮಂದಿಗೆ ಉಪಕಾರವಾಯಿತು. ಆದರೆ ‘ಕಂಡದ್ದೇ ದೊರೆಯುತ್ತದೆ’ ಎಂಬ ಮಾತಿನಲ್ಲಿ ಒಂದು ಪ್ರಶ್ನೆ ಅಡಗಿದೆ: ಯಾರು ಕಂಡದ್ದು? ದೊರೆಯುವುದು ಯಾರಿಗೆ? ಮಾಡಿದವನ ಕಣ್ಣಿಗೆ, ಮಾಡಿದವನ ತೆರೆಯ ಮೇಲೆ ಕಂಡದ್ದು ಓದುವವನಿಗೂ ಹಾಗೆಯೇ ದೊರೆಯಬೇಕಾದರೆ ಓದುವವನೂ ಮಾಡಿದವನಂತೆಯೇ ಇರಬೇಕು. ಅಂಥ ಕಣ್ಣು, ಅಂಥ ತೆರೆ, ಅಂಥ ಕೈ ಇರಬೇಕು. ಆ ಕಾಲದ ಪುಟಗಳಲ್ಲಿ ಅಂಕಣಗಳನ್ನು ಜೋಡಿಸಲು ಅಂಕಿಅಂಶಗಳಿಗೆಂದು ಇದ್ದ ಕೋಷ್ಟಕಗಳನ್ನು ಬಳಸುತ್ತಿದ್ದರು. ಎಡೆ ಬಿಡಲು ಒಂದೇ ಚುಕ್ಕೆಯಷ್ಟು ಗಾತ್ರದ, ಬಣ್ಣವಿಲ್ಲದ ಚಿತ್ರವನ್ನು ಅಲ್ಲಲ್ಲಿ ತುರುಕುತ್ತಿದ್ದರು. ದಪ್ಪ ಅಕ್ಷರ ಹಾಕಿದರೆ ತಲೆಬರಹವಾಯಿತೆಂದು ತಿಳಿಯುತ್ತಿದ್ದರು. ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಒಳಗೆ ಮಾತ್ರ, ಯಾವುದು ತಲೆ ಯಾವುದು ಕಾಲು ಎಂದು ಹೇಳುವವರಿರಲಿಲ್ಲ.

ಕನ್ನಡಿಗರಾದ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. ಯೂನಿಕೋಡಿನ ೧೯೯೧ರ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಆದರೂ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ನಮ್ಮ ಎಷ್ಟೋ ಜಾಲತಾಣಗಳು ವಿಶೇಷ ಫಾಂಟುಗಳಿಂದ ಕನ್ನಡವನ್ನು ತೋರಿಸುತ್ತಿದ್ದವು. ತೆರೆಯ ಮೇಲೆ ದುಂಡುದುಂಡಾದ ಕನ್ನಡ. ಒಳಗೆ ಇರುತ್ತಿದ್ದದ್ದು ಅರ್ಥವಿಲ್ಲದೆ ಸಾಲುಗಟ್ಟಿದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಫಾಂಟಿನ ಬಣ್ಣ ಬಳಿದಿರುವವರೆಗೆ ಅದು ಕನ್ನಡ, ಫಾಂಟು ತೆಗೆದರೆ ಕಸ. ಅದರಲ್ಲಿ ಕನ್ನಡದ ಒಂದು ಪದವನ್ನು ಹುಡುಕಿದರೆ ಸಿಗುತ್ತಿರಲಿಲ್ಲ. ಗಟ್ಟಿಯಾಗಿ ಓದಿ ಹೇಳುವ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುತ್ತಿರಲಿಲ್ಲ. ಅಷ್ಟು ಬರಹಗಳು ಕನ್ನಡವಾಗಿ ತೋರಿದವು, ಕನ್ನಡವಾಗಿ ಇರಲಿಲ್ಲ. ತೋರುವುದಕ್ಕೂ ಇರುವುದಕ್ಕೂ ಇರುವ ಅಂತರವನ್ನು ವೇದಾಂತಿಗಳು ಹಗ್ಗ-ಹಾವುಗಳ ದೃಷ್ಟಾಂತದಿಂದ ಹೇಳುತ್ತಾರೆ. ನಮ್ಮ ಕಾಲಕ್ಕೆ ಈ ಫಾಂಟುಗಳ ದೃಷ್ಟಾಂತವೂ ಸಾಕಾಗಬಹುದು.

ಒಳಬದಿಯನ್ನೇ ಓದುವ ಜನ ಯಾರಿದ್ದಾರೆ ಎಂದು ಕೇಳಬಹುದು. ಇದ್ದಾರೆ. ದೃಷ್ಟಿಯಿಲ್ಲದವರು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಪುಟಗಳನ್ನು ಕೇಳುತ್ತಾರೆ. ೨೦೦೬ರಲ್ಲಿ ಆಸ್ಟ್ರೇಲಿಯಾದಲ್ಲಿ ಮೈಕಲ್ ಕರನ್ ಅವರು ಆರಂಭಿಸಿದ ಎನ್‌ವಿಡಿಎ ಎಂಬುದನ್ನು ಬೆಲೆ ತೆರದೆ ಪಡೆಯಬಹುದು. ಈ ಯಂತ್ರವಾಣಿ ಬಣ್ಣವನ್ನೂ ಗಾತ್ರವನ್ನೂ ನೋಡಿ ಊಹಿಸುವುದಿಲ್ಲ. ಒಳಗಿನ ಗುರುತುಗಳನ್ನು ನಂಬಿ ನಡೆಯುತ್ತದೆ. ನಾವು ಪತ್ರಿಕೆಯ ತಲೆಬರಹಗಳ ಮೇಲೆ ಕಣ್ಣಾಡಿಸಿ ಬೇಕಾದುದನ್ನು ಆರಿಸಿಕೊಳ್ಳುವಂತೆ, ಅವರು ಕೀಲಿಮಣೆಯ ಒಂದೇ ಕೀಲಿಯನ್ನೊತ್ತಿ ತಲೆಬರಹದಿಂದ ತಲೆಬರಹಕ್ಕೆ ಹಾರುತ್ತಾರೆ. ತಲೆಬರಹಕ್ಕೆ ತಲೆಬರಹವೆಂಬ ಗುರುತೇ ಇಲ್ಲದಿದ್ದರೆ ಅವರಿಗೆ ಪತ್ರಿಕೆಯೆಲ್ಲ ಒಂದೇ ಉದ್ದನೆಯ ಸಾಲು. ಮೇಲುಬದಿಯನ್ನು ಕಾಣುವವರಿಗೆ ಒಳಬದಿ ಇದ್ದೂ ಇಲ್ಲದ ವಸ್ತು. ಇವರಿಗೆ ಒಳಬದಿಯೇ ಪುಟ.

ಚಿತ್ರದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಪುಟದ ನಡುವೆ ಚಿತ್ರವನ್ನಿಡುವ ಗುರುತನ್ನು ೧೯೯೩ರಲ್ಲಿ ಮೊಸಾಯಿಕ್‌ನ ಮಾರ್ಕ್ ಆಂಡ್ರೀಸೆನ್ ಸೂಚಿಸಿದಾಗ ಅದಕ್ಕೆ ಕಡ್ಡಾಯವಾಗಿ ಬೇಕಾಗಿದ್ದುದು ಒಂದೇ: ಚಿತ್ರ ಎಲ್ಲಿದೆ ಎಂಬ ವಿಳಾಸ. ೧೯೯೫ರ ಎಚ್‌ಟಿಎಂಎಲ್ ಎರಡನೆಯ ಆವೃತ್ತಿಯಲ್ಲಿ ‘ಆಲ್ಟ್’ ಎಂಬುದೂ ಸೇರಿತ್ತು. ಚಿತ್ರ ಕಾಣದವರಿಗಾಗಿ ಅದರ ಬದಲು ಹೇಳಬೇಕಾದ ಮಾತನ್ನು ಅಲ್ಲಿ ಬರೆಯಬಹುದು. ೧೯೯೭ರ ಡಿಸೆಂಬರಿನಲ್ಲಿ ಬಂದ ನಾಲ್ಕನೆಯ ಆವೃತ್ತಿ ಅದನ್ನು ಕಡ್ಡಾಯ ಮಾಡಿತು. ಆದರೆ ಮೇಲೆ ಹೇಳಿದ ಒಂದು ಚುಕ್ಕೆಯ ಚಿತ್ರಕ್ಕೆ ಏನು ಮಾತು ಬರೆಯುವುದು? ಬಳ್ಳಿಯ ಅಂಚಿಗೆ, ಬರಿಯ ಅಲಂಕಾರಕ್ಕೆ ಏನು ಬರೆಯುವುದು? ಅಂಥಲ್ಲಿ ಆಲ್ಟ್ ಎಂದು ಬರೆದು ಮುಂದೆ ಉದ್ಧರಣ ಚಿಹ್ನೆಗಳೆರಡನ್ನು ಹಾಕಿ ನಡುವೆ ಖಾಲಿ ಬಿಡಬೇಕು. ‘ಇಲ್ಲಿ ಹೇಳುವಂಥದು ಏನೂ ಇಲ್ಲ, ಮುಂದೆ ಹೋಗಿ’ ಎಂದು ಅದರ ಅರ್ಥ. ಓದುವ ಯಂತ್ರ ಆ ಚಿತ್ರವನ್ನು ಮೌನವಾಗಿ ದಾಟುತ್ತದೆ. ಸರಿಯಾದ ಜಾಗದಲ್ಲಿ ಈ ಖಾಲಿತನ ಒಂದು ಸೌಜನ್ಯ. ಕೇಳುವವರ ಹೊತ್ತನ್ನು ಹಾಳುಮಾಡಬಾರದೆಂಬ ಮರ್ಯಾದೆ ಅದರಲ್ಲಿದೆ.

ಈಗ ಹೊಸ ಅನುಕೂಲಗಳಿಗೆ ಬರೋಣ. ೨೦೧೫ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಎಡಿಟರು ಇಂದು ಈ ಕಸಬಿನವರಲ್ಲಿ ಬಹು ಬಳಕೆಯಲ್ಲಿದೆ. ಒಂದು ಪದದ ಮೊದಲೆರಡು ಅಕ್ಷರ ಒತ್ತಿದರೆ ಮಿಕ್ಕದ್ದನ್ನು ಅದು ಸೂಚಿಸುತ್ತದೆ. ತಪ್ಪಿದಲ್ಲಿ ಕೆಂಪು ಗೆರೆ ಎಳೆಯುತ್ತದೆ. ತೆರೆದ ಕಂಸಕ್ಕೂ ಮುಚ್ಚಿದ ಕಂಸಕ್ಕೂ ಒಂದೇ ಬಣ್ಣ ಹಚ್ಚಿ ಜೋಡಿಯನ್ನು ತೋರಿಸುತ್ತದೆ. ಅದರೊಳಗೆ ಎಮ್ಮೆಟ್ ಎಂಬ ಸಂಕ್ಷೇಪದ ವ್ಯವಸ್ಥೆಯುಂಟು. ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನೊತ್ತಿ ಟ್ಯಾಬ್ ಕೀಲಿ ಮುಟ್ಟಿದರೆ ಸಾಕು, ಇಡೀ ಪುಟದ ಅಸ್ಥಿಪಂಜರವೇ ಕ್ಷಣದಲ್ಲಿ ಬಂದು ನಿಲ್ಲುತ್ತದೆ. ಚಿತ್ರದ ಗುರುತಿನ ಮೂರಕ್ಷರ ಬರೆದು ಟ್ಯಾಬ್ ಒತ್ತಿದರೆ ಪೂರ್ಣ ಗುರುತು ಸಿದ್ಧವಾಗುತ್ತದೆ. ಶೀಘ್ರಲಿಪಿಯನ್ನು ಕಲಿತ ಗುಮಾಸ್ತನ ಸಂತೋಷ ಇದರಲ್ಲಿದೆ. ನಾನೂ ಅದನ್ನು ದಿನವೂ ಅನುಭವಿಸುತ್ತೇನೆ. ಇದನ್ನು ನಿಂದಿಸುವ ಇಚ್ಛೆ ನನಗಿಲ್ಲ.

ಆದರೆ ಹಾಗೆ ಬಂದು ನಿಂತದ್ದನ್ನು ಸ್ವಲ್ಪ ಓದಿ ನೋಡಬೇಕು. ಆಶ್ಚರ್ಯಚಿಹ್ನೆಯಿಂದ ಹುಟ್ಟಿದ ಪುಟದ ಮೊದಲಲ್ಲೇ ‘ಈ ಪುಟದ ಭಾಷೆ ಇಂಗ್ಲಿಷ್’ ಎಂದು ಬರೆದಿರುತ್ತದೆ. ಇಂಗ್ಲಿಷಿನ ಸಂಕೇತವಾದ ‘ಇ, ಎನ್’ ಎಂಬ ಎರಡಕ್ಷರ. ಅದರ ಕೆಳಗೆ ನಾನು ಅಚ್ಚಗನ್ನಡದಲ್ಲಿ ಹತ್ತು ಪ್ಯಾರಾ ಬರೆದರೂ ಆ ಘೋಷಣೆ ಹಾಗೆಯೇ ಉಳಿಯುತ್ತದೆ. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಓದುವ ಯಂತ್ರವಾದರೋ ಆ ಎರಡಕ್ಷರವನ್ನು ನಂಬಿ ಇಂಗ್ಲಿಷ್ ಧ್ವನಿಯನ್ನು ಆರಿಸಿಕೊಳ್ಳಬಹುದು; ಆಗ ಕನ್ನಡದ ಮೇಲೆ ಅದು ತಡವರಿಸುತ್ತದೆ, ಇಲ್ಲವೆ ಅಕ್ಷರಗಳನ್ನೇ ನುಂಗಿ ಮುಂದೆ ಹೋಗುತ್ತದೆ. ಇನ್ನು ಚಿತ್ರದ ಗುರುತು. ಅದು ಹುಟ್ಟುವಾಗಲೇ ಆಲ್ಟ್ ಎಂಬುದನ್ನೂ ಅದರ ಮುಂದೆ ಎರಡು ಉದ್ಧರಣ ಚಿಹ್ನೆಗಳನ್ನೂ ತರುತ್ತದೆ. ನಡುವೆ ಖಾಲಿ. ಉಪಕರಣದ ಉದ್ದೇಶ ಒಳ್ಳೆಯದೇ: ‘ಇಲ್ಲಿ ನೀನು ಬರೆಯಬೇಕಾಗಿದೆ’ ಎಂದು ಅದು ಎಡೆ ಬಿಟ್ಟಿದೆ. ಬರೆಯುವವನು ವಿಳಾಸವನ್ನು ತುಂಬುತ್ತಾನೆ, ಚಿತ್ರ ತೆರೆಯ ಮೇಲೆ ಬರುತ್ತದೆ, ಕೆಲಸ ಮುಗಿಯಿತೆಂದು ಮುಂದೆ ಹೋಗುತ್ತಾನೆ. ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ಆದರೆ ಆ ಖಾಲಿಗೆ ಒಂದು ಅರ್ಥವಿದೆಯೆಂದು ಈಗ ತಾನೆ ನೋಡಿದೆವು.

ನನ್ನ ಪರಿಚಯದ ಅಧ್ಯಾಪಕರೊಬ್ಬರು ಬಾಲ್ಯದಿಂದಲೂ ದೃಷ್ಟಿಯಿಲ್ಲದವರು. ಒಮ್ಮೆ ಅವರ ಪಕ್ಕದಲ್ಲಿ ಕುಳಿತಿದ್ದೆ. ತಮ್ಮ ವಿದ್ಯಾರ್ಥಿಯೊಬ್ಬನಿಗಾಗಿ ಒಂದು ಸಂಸ್ಥೆಯ ಪುಟದಲ್ಲಿ ಪರೀಕ್ಷೆಯ ವೇಳಾಪಟ್ಟಿಯನ್ನು ಹುಡುಕುತ್ತಿದ್ದರು. ‘ವೇಳಾಪಟ್ಟಿ’ ಎಂಬ ತಲೆಬರಹವನ್ನು ಯಂತ್ರ ಓದಿತು. ಅದರ ಹಿಂದೆಯೇ ಪುಟದ ಅಡಿಯಲ್ಲಿದ್ದ ವಿಳಾಸವನ್ನು ಓದಿತು. ಅವರು ಮೇಲೆ ಹೋಗಿ ಮತ್ತೆ ಕೆಳಗೆ ಬಂದರು, ಅದೇ ಆಯಿತು. “ಇನ್ನೂ ಹಾಕಿಲ್ಲ ಅಂತ ಕಾಣುತ್ತೆ ಸಾರ್” ಎಂದರು. ನನ್ನ ಕಣ್ಣೆದುರಿಗೆ ದಿನಾಂಕಗಳೆಲ್ಲ ಸ್ಪಷ್ಟವಾಗಿದ್ದುವು. ಇಡೀ ವೇಳಾಪಟ್ಟಿಯನ್ನು ಒಂದು ಚಿತ್ರವಾಗಿ ಅಂಟಿಸಿದ್ದರು, ಅದರ ಆಲ್ಟ್ ಖಾಲಿಯಾಗಿತ್ತು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಿತ್ರ ಇದೆ ಅಂತ ಗೊತ್ತಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ ನೋಡಿ. ಏನೂ ಇಲ್ಲ ಅಂದಮೇಲೆ ಏನಂತ ಕೇಳೋದು?” ಎಂದರು. ದಿನಾಂಕಗಳನ್ನು ನಾನು ಓದುತ್ತ ಹೋದೆ, ಅವರು ಬರೆದುಕೊಂಡರು.

ಆ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಆಲ್ಟ್ ಎಂಬುದೇ ಇಲ್ಲದಿದ್ದ ಪಕ್ಷದಲ್ಲಿ ಯಂತ್ರ ಸಾಮಾನ್ಯವಾಗಿ ಆ ಚಿತ್ರದ ಕಡತದ ಹೆಸರನ್ನಾದರೂ ಗೊಣಗುತ್ತದೆ. ಅದರಿಂದ ತಿಳಿವಳಿಕೆ ಬರುವುದಿಲ್ಲ, ಕಿರಿಕಿರಿಯಾಗುತ್ತದೆ. ಆದರೂ ‘ಇಲ್ಲಿ ಏನೋ ಇದೆ’ ಎಂಬ ಸುಳಿವು ಸಿಗುತ್ತದೆ. ತಪಾಸಣೆಯ ತಂತ್ರಾಂಶಗಳೂ ಆಲ್ಟ್ ಇಲ್ಲದ ಚಿತ್ರವನ್ನು ತಪ್ಪೆಂದು ಎತ್ತಿ ತೋರಿಸುತ್ತವೆ. ಖಾಲಿ ಆಲ್ಟ್ ಇದ್ದಲ್ಲಿ, ಅಲಂಕಾರದ ಚಿತ್ರವಿರಬೇಕೆಂದು ಅವೂ ಒಪ್ಪಿ ಸುಮ್ಮನಾಗುತ್ತವೆ. ಎಂದರೆ, ಪೂರ್ತಿ ಅಲಕ್ಷ್ಯಮಾಡಿದವನ ಪುಟ ತನ್ನ ಅಲಕ್ಷ್ಯವನ್ನು ತಾನೇ ಹೇಳಿಕೊಳ್ಳುತ್ತದೆ. ಅನುಕೂಲವನ್ನು ಅರ್ಧ ಬಳಸಿದವನ ಪುಟ ಅಚ್ಚುಕಟ್ಟಾಗಿ ನಿಂತು, ಇರುವುದನ್ನು ಇಲ್ಲವೆಂದು ಹೇಳುತ್ತದೆ. ಹೇಳಬೇಕೆಂದು ಯಾರೂ ಉದ್ದೇಶಿಸಲಿಲ್ಲ. ಆದರೂ ಒಬ್ಬ ಮನುಷ್ಯ ಅದನ್ನು ಕೇಳಿದ, ನಂಬಿದ, ಹಿಂದಿರುಗಿದ.

ಹಾಗಾದರೆ ಇದು ಸುಳ್ಳೆ? ಸುಳ್ಳಾಡಲು ಆಡುವವನ ಮನಸ್ಸಿನಲ್ಲಿ ವಂಚನೆ ಇರಬೇಕೆಂದು ನೀತಿಜ್ಞರು ಹೇಳುತ್ತಾರೆ. ಇಲ್ಲಿ ವಂಚನೆಯಿಲ್ಲ, ಮನಸ್ಸೇ ಇಲ್ಲ. ಪುಟ ಕಟ್ಟಿದವನನ್ನು ಕೇಳಿದರೆ ‘ಎಡಿಟರು ಹಾಗೆ ಹಾಕಿತು’ ಎನ್ನುತ್ತಾನೆ. ಎಡಿಟರನ್ನು ಮಾಡಿದವರು ‘ನಾವು ತುಂಬಲೆಂದೇ ಎಡೆ ಬಿಟ್ಟಿದ್ದೆವು’ ಎನ್ನುತ್ತಾರೆ. ಮಾಡಿಸಿದ ಅಧಿಕಾರಿ ‘ತೆರೆಯ ಮೇಲೆ ಸರಿಯಾಗಿತ್ತು, ಒಪ್ಪಿದೆ’ ಎನ್ನುತ್ತಾನೆ. ತಪಾಸಣೆಯ ಯಂತ್ರ ‘ನನಗೆ ದೋಷ ಕಾಣಲಿಲ್ಲ’ ಎನ್ನುತ್ತದೆ. ಒಬ್ಬೊಬ್ಬರ ಮಾತೂ ನಿಜ. ಎಲ್ಲ ನಿಜಗಳನ್ನೂ ಕೂಡಿಸಿದರೆ ಮಾತ್ರ ಒಂದು ಅನ್ಯಾಯ ಉಳಿಯುತ್ತದೆ. ಮಾಡಿದವರೇ ಇಲ್ಲದ ಅನ್ಯಾಯ ಇರಬಲ್ಲುದೆ? ಇರಬಲ್ಲುದೆಂದು ಒಪ್ಪಿದರೆ ಅದನ್ನು ಸರಿಪಡಿಸುವವರೂ ಯಾರೂ ಇಲ್ಲವೆಂದು ಒಪ್ಪಿದಂತಾಯಿತು. ಹೊಣೆ ಎಂಬುದು ಪಿತ್ರಾರ್ಜಿತ ಗದ್ದೆಯಲ್ಲ, ಪಾಲು ಹೆಚ್ಚಿದಂತೆ ಒಬ್ಬೊಬ್ಬನ ಭಾಗ ಕಿರಿದಾಗುತ್ತ ಹೋಗಲು. ನಾಲ್ವರು ಸೇರಿ ಒಬ್ಬನನ್ನು ಬಾವಿಯ ಬಳಿಗೆ ಕರೆದೊಯ್ದರೆ, ಅವನು ಬೀಳದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬನಿಗೂ ಕಾಲುಭಾಗದ ಕರ್ತವ್ಯವಲ್ಲ, ಪೂರ್ಣ ಕರ್ತವ್ಯ.

ಉಪಕರಣ ಮಾಡಿದವರ ಭಾಗವನ್ನು ಮೊದಲು ನೋಡೋಣ. ‘ಬಳಸುವವನು ಬದಲಿಸಿಕೊಳ್ಳಲಿ’ ಎಂದು ಬಿಟ್ಟ ಆಯ್ಕೆಯನ್ನು ಬಹಳ ಮಂದಿ ಬದಲಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿರುವ ವಿಷಯ. ಆದುದರಿಂದ ಮೊದಲೇ ತುಂಬಿಟ್ಟ ಪ್ರತಿಯೊಂದು ಬೆಲೆಯೂ ಒಂದು ಉಪದೇಶ. ಸಾವಿರಾರು ಜನ ಕೇಳದೆಯೇ ಪಾಲಿಸುವ ಉಪದೇಶ. ಡ್ರೀಮ್‌ವೀವರಿನ ಕೆಲವು ಆವೃತ್ತಿಗಳಲ್ಲಿ ಚಿತ್ರವನ್ನು ಸೇರಿಸಹೊರಟರೆ ಒಂದು ಪೆಟ್ಟಿಗೆ ತೆರೆದು ‘ಇದಕ್ಕೆ ಪರ್ಯಾಯದ ಮಾತು ಏನು?’ ಎಂದು ಕೇಳುತ್ತಿತ್ತು. ಏನೂ ಬೇಡವಾದರೆ ಖಾಲಿ ಎಂಬುದನ್ನು ನಾವೇ ಆರಿಸಬೇಕಾಗಿತ್ತು. ಎಷ್ಟೋ ಜನ ಅದನ್ನು ಪೀಡೆಯೆಂದು ಬೈದಿರಬಹುದು. ಆದರೆ ಮರೆತು ಬಿಟ್ಟ ಖಾಲಿಗೂ ತಿಳಿದು ಬಿಟ್ಟ ಖಾಲಿಗೂ ನಡುವೆ ಒಂದು ಗೆರೆಯನ್ನು ಅದು ಎಳೆದಿತ್ತು. ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ೩ಸಿ ಸಂಸ್ಥೆ ಪುಟಗಳಿಗೆಂದು ೧೯೯೯ರಲ್ಲಿ ಸುಗಮತೆಯ ಮಾರ್ಗಸೂಚಿಯನ್ನು ಪ್ರಕಟಿಸಿತು. ಪುಟ ಕಟ್ಟುವ ಉಪಕರಣಗಳಿಗೆಂದೇ ೨೦೦೦ದಲ್ಲಿ ಬೇರೆಯೊಂದನ್ನು ಪ್ರಕಟಿಸಿ ೨೦೧೫ರಲ್ಲಿ ಅದನ್ನು ಪರಿಷ್ಕರಿಸಿತು. ಉಪಕರಣಕ್ಕೂ ಧರ್ಮವುಂಟೆಂದು ಅಲ್ಲಿ ಒಪ್ಪಿದಂತಾಯಿತು.

ಆದರೆ ಉಪಕರಣದ ಧರ್ಮಕ್ಕೆ ಒಂದು ಎಲ್ಲೆಯಿದೆ. ಕನ್ನಂಬಾಡಿ ಕಟ್ಟೆಯ ಒಂದು ಫೋಟೋ ಇದೆಯೆಂದು ಇಟ್ಟುಕೊಳ್ಳಿ. ಪ್ರವಾಸದ ಪುಟದಲ್ಲಿ ಅದನ್ನಿಟ್ಟರೆ ಹೇಳಬೇಕಾದದ್ದು ಅಣೆಕಟ್ಟಿನ ಚೆಲುವು. ನೀರಿನ ಮಟ್ಟದ ಸುದ್ದಿಯಲ್ಲಿ ಅದೇ ಫೋಟೋ ಇಟ್ಟರೆ ಹೇಳಬೇಕಾದದ್ದು ಕಟ್ಟೆಯ ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಬಂದಿದೆ ಎಂಬುದು. ಇಂಜಿನಿಯರೊಬ್ಬರ ಜೀವನಚರಿತ್ರೆಯ ಮೂಲೆಯಲ್ಲಿ ಅಂದಕ್ಕೆಂದು ಇಟ್ಟಿದ್ದರೆ ಏನೂ ಹೇಳದಿರುವುದೇ ಸರಿ. ಚಿತ್ರ ಒಂದೇ, ಸರಿಯಾದ ಮಾತು ಮೂರು. ಯಾವುದು ಸರಿ ಎಂಬುದು ಚಿತ್ರದಲ್ಲಿಲ್ಲ. ಅದನ್ನು ಇಲ್ಲಿ ಏಕೆ ಇಟ್ಟೆ ಎಂಬುದರಲ್ಲಿದೆ. ಆ ‘ಏಕೆ’ ಇಟ್ಟವನಿಗೆ ಮಾತ್ರ ಗೊತ್ತು. ೨೦೧೬ರಲ್ಲಿ ಫೇಸ್‌ಬುಕ್ ಚಿತ್ರಗಳಿಗೆ ಯಂತ್ರದಿಂದಲೇ ವಿವರಣೆ ಕೊಡುವ ಅನುಕೂಲವನ್ನು ತಂದಿತು. ಅಂದಿನಿಂದ ಆ ವಿದ್ಯೆ ಬಹಳ ಮುಂದುವರಿದಿದೆ. ಅಂಥ ಯಂತ್ರ ನಮ್ಮ ಫೋಟೋವನ್ನು ನೋಡಿ ‘ನೀರು, ಕಲ್ಲಿನ ಗೋಡೆ, ಆಕಾಶ’ ಎಂದರೆ ಅದು ತಪ್ಪಲ್ಲ. ನೀರಿನ ಮಟ್ಟ ತಿಳಿಯಬೇಕಾಗಿದ್ದ ರೈತನಿಗೆ ಆದ ಪ್ರಯೋಜನವೇನು ಎಂಬುದು ಬೇರೆ ಪ್ರಶ್ನೆ.

ಇಲ್ಲಿಗೆ ಈಚಿನ ಎಲ್ಲಕ್ಕಿಂತ ದೊಡ್ಡ ಅನುಕೂಲದ ಮಾತು ಬಂತು. ೨೦೨೧ರಲ್ಲಿ ಗಿಟ್‌ಹಬ್ ಸಂಸ್ಥೆ ಕೋಪೈಲಟ್ ಎಂಬುದನ್ನು ಪರೀಕ್ಷೆಗೆಂದು ಹೊರತಂದಿತು. ಅದು ಪದವನ್ನಲ್ಲ, ಸಾಲುಸಾಲುಗಳನ್ನೇ ಊಹಿಸಿ ಬರೆಯುತ್ತದೆ. ಈಗ ಅಂಥವು ಹಲವಾಗಿವೆ. ‘ಒಂದು ಪುಸ್ತಕದಂಗಡಿಗೆ ಪುಟ ಬೇಕು’ ಎಂದು ಮಾತಿನಲ್ಲಿ ಹೇಳಿದರೆ ಇಡೀ ತಾಣವನ್ನೇ ಕಟ್ಟಿಕೊಡುತ್ತವೆ. ೨೦೨೫ರ ಫೆಬ್ರುವರಿಯಲ್ಲಿ ಆಂಡ್ರೇ ಕಾರ್ಪಾಥಿ ಎಂಬ ವಿಜ್ಞಾನಿ, ಕೋಡ್ ಎಂಬುದೊಂದಿದೆ ಎಂಬುದನ್ನೇ ಮರೆತು ಯಂತ್ರದೊಂದಿಗೆ ಮಾತಾಡುತ್ತ ಕೆಲಸಮಾಡುವ ಈ ಬಗೆಗೆ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು. ವಾರಾಂತ್ಯದ ಹವ್ಯಾಸದ ಕೆಲಸಗಳನ್ನು ಉದ್ದೇಶಿಸಿ ಅವರು ಹೇಳಿದ ಮಾತು ಅದು. ಹೆಸರು ಮಾತ್ರ ಹವ್ಯಾಸದ ಮೇರೆಯನ್ನು ದಾಟಿ ಬಹುದೂರ ಹೋಯಿತು.

ಈ ಯಂತ್ರಗಳನ್ನು ಹಳಿಯುವುದು ಸುಲಭ, ನ್ಯಾಯವಾಗಿ ತೂಗುವುದು ಕಷ್ಟ. ಅವು ಕಟ್ಟಿದ ಪುಟದ ಒಳಬದಿ ಎಷ್ಟೋ ವೇಳೆ ಅವಸರದ ಮನುಷ್ಯ ಕಟ್ಟಿದ್ದಕ್ಕಿಂತ ಚೊಕ್ಕಟವಾಗಿರುತ್ತದೆ. ತಲೆಬರಹಕ್ಕೆ ತಲೆಬರಹದ ಗುರುತನ್ನೂ, ಚಿತ್ರಕ್ಕೆ ಒಂದು ಮಾತನ್ನೂ ಕೇಳದೆಯೇ ಹಾಕುವುದುಂಟು. ಇನ್ನೊಂದು ವಿಷಯ: ಕೋಡ್ ಕಲಿಯಲು ಪುರಸೊತ್ತಿಲ್ಲದ ಹಳ್ಳಿಯ ಮೇಷ್ಟರು ಶಾಲೆಗೊಂದು ಪುಟ ಮಾಡಿಕೊಳ್ಳಬಹುದು, ಹಪ್ಪಳ ಸಂಡಿಗೆ ಮಾರುವ ಮಹಿಳಾ ಸಂಘ ತನ್ನ ಅಂಗಡಿಯನ್ನು ತೆರೆದುಕೊಳ್ಳಬಹುದು. ‘ನೀವು ಮೊದಲು ಹತ್ತು ವರ್ಷ ಗುರುತುಗಳನ್ನು ಅಭ್ಯಾಸಮಾಡಿ ಬನ್ನಿ’ ಎಂದು ಅವರಿಗೆ ಹೇಳಲು ನಾನಾರು? ಶ್ರಮ ತಾನಾಗಿಯೇ ಪುಣ್ಯವಲ್ಲ. ಒರಳಿನಲ್ಲಿ ರುಬ್ಬಿದ ಹಿಟ್ಟಿಗೆ ರುಚಿ ಹೆಚ್ಚೆಂದು ಹೇಳುವವರು ಸಾಮಾನ್ಯವಾಗಿ ರುಬ್ಬಿದವರಲ್ಲ, ತಿಂದವರು.

ಹೀಗಿರಲಾಗಿ, ಮನುಷ್ಯನ ಪಾಲಿಗೆ ಉಳಿಯುವುದೇನು? ನಮ್ಮ ಕಚೇರಿಗಳ ಹಳೆಯ ಪದ್ಧತಿಯೊಂದು ಇದಕ್ಕೆ ದಾರಿ ತೋರಿಸುತ್ತದೆ. ಕರಡನ್ನು ಗುಮಾಸ್ತ ಬರೆಯುತ್ತಾನೆ, ಅಧಿಕಾರಿ ರುಜು ಹಾಕುತ್ತಾನೆ. ಬರೆದ ಕೈ ಯಾರದಾದರೂ ಇರಲಿ, ಆದೇಶ ರುಜುವಿನವನದು. ‘ಗುಮಾಸ್ತ ಬರೆದಿದ್ದ, ನಾನು ಓದಲಿಲ್ಲ’ ಎಂದು ಅಧಿಕಾರಿ ಹೇಳಿದರೆ ಅದು ಸಮಾಧಾನವಾಗುವುದಿಲ್ಲ, ಎರಡನೆಯ ಅಪರಾಧವಾಗುತ್ತದೆ. ಪುಟವನ್ನು ಲೋಕಕ್ಕೆ ಬಿಡುವವನು ಅದಕ್ಕೆ ರುಜು ಹಾಕಿದಂತೆಯೇ. ಬರೆಯುವ ಶ್ರಮವನ್ನು ಎಷ್ಟಾದರೂ ವಹಿಸಿಕೊಡಬಹುದು. ಕೇಳಿದವರಿಗೆ ಉತ್ತರ ಹೇಳುವ ಭಾರವನ್ನು ವಹಿಸಿಕೊಡಲು ಬರುವುದಿಲ್ಲ. ಏಕೆಂದರೆ ಯಂತ್ರವನ್ನು ಕರೆದು ನಿಲ್ಲಿಸಿ ‘ನನ್ನ ವಿದ್ಯಾರ್ಥಿಗೆ ಪರೀಕ್ಷೆ ತಪ್ಪಿದ್ದರೆ ಏನು ಗತಿ?’ ಎಂದು ಕೇಳಿದರೆ ಅದು ನಾಚುವುದಿಲ್ಲ. ನಾಚಬಲ್ಲವನು ಮಾತ್ರ ಹೊಣೆ ಹೊರಬಲ್ಲನು.

ಆದರೆ ರುಜು ಹಾಕುವವನಿಗೆ ಒಂದು ಯೋಗ್ಯತೆ ಬೇಕು: ಓದಲು ಬರಬೇಕು. ಹೊಸ ಅನುಕೂಲಗಳ ಬಗ್ಗೆ ನನಗಿರುವ ನಿಜವಾದ ಆತಂಕ ಇದೊಂದೇ. ಬರೆಯುವ ಅಭ್ಯಾಸ ತಪ್ಪಿದರೆ ನಷ್ಟ ಅಷ್ಟೇನೂ ಇಲ್ಲ. ಒಳಬದಿಯನ್ನು ತಿರುವಿ ಓದುವ ಅಭ್ಯಾಸವೂ ಅದರೊಂದಿಗೆ ತಪ್ಪಿಹೋದರೆ, ನಮ್ಮ ಹೆಸರಿನಲ್ಲಿ ಏನು ಹೋಗುತ್ತಿದೆ ಎಂಬುದೇ ನಮಗೆ ತಿಳಿಯದಾಗುತ್ತದೆ. ಆಗ ರುಜು ಹೆಬ್ಬೆಟ್ಟಿನ ಗುರುತಾಗುತ್ತದೆ. ಓದುಬಾರದವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡವನನ್ನು ಮೋಸಗಾರನೆಂದು ನಾವು ದೂರುತ್ತೇವೆ. ಓದಬಲ್ಲವನೇ ಓದದೆ ತಾನಾಗಿ ಒತ್ತಿದರೆ ದೂರುವುದು ಯಾರನ್ನು?

ಎಲ್ಲರ ಮೇಲೂ ಒಂದೇ ಭಾರ ಹೊರಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಹಪ್ಪಳದ ಅಂಗಡಿಯ ಪುಟದಲ್ಲಿ ಚಿತ್ರವೊಂದು ಮೂಕವಾಗಿದ್ದರೆ ಕೊಳ್ಳುವವರು ಫೋನು ಮಾಡಿ ಕೇಳಿಯಾರು. ಪಡಿತರ, ಪಿಂಚಣಿ, ಪರೀಕ್ಷೆ, ಆಸ್ಪತ್ರೆಯ ಸರದಿ—ಇವು ಪುಟದ ಮೂಲಕವೇ ನಡೆಯುವಲ್ಲಿ ಮೂಕಚಿತ್ರವೆಂದರೆ ಮುಚ್ಚಿದ ಬಾಗಿಲು. ಬಾಗಿಲು ಹೆಚ್ಚು ಜನರದಾದಷ್ಟೂ ಕಾಯುವವನ ಹೊಣೆ ಹೆಚ್ಚು. ನಮ್ಮ ದೇಶದ ಕಾನೂನೂ ಈ ದಿಕ್ಕಿನಲ್ಲಿ ನಡೆದಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಮಾಹಿತಿ ತಂತ್ರಜ್ಞಾನದ ಸುಗಮತೆಯನ್ನೂ ಹೇಳಿತು. ೨೦೨೫ರ ಏಪ್ರಿಲ್ ೩೦ರಂದು ಸರ್ವೋಚ್ಚ ನ್ಯಾಯಾಲಯವು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು. ಆ ಪ್ರಕರಣದಲ್ಲಿ ನ್ಯಾಯ ಕೇಳಿ ಬಂದವರು ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಯಿಲ್ಲದವರು. ತೆರೆಯ ಮುಂದೆ ಕಣ್ಣು ಮಿಟುಕಿಸಿ ಗುರುತು ತೋರಿಸಬೇಕೆಂಬ ವಿಧಾನಗಳು ಅವರನ್ನು ಹೊರಗೆ ನಿಲ್ಲಿಸಿದ್ದವು. ಕಾನೂನು ಹೀಗೆ ಬಾಗಿಲ ಬಳಿಯವರೆಗೆ ಬರಬಲ್ಲದು. ಎರಡು ಉದ್ಧರಣ ಚಿಹ್ನೆಗಳ ನಡುವೆ ಇಣುಕಿ ನೋಡಲು ಅದಕ್ಕೆ ಪುರಸೊತ್ತಿಲ್ಲ. ಅಲ್ಲಿ ಬರೆಯುವವನ ಮನಸ್ಸಾಕ್ಷಿಯೊಂದೇ ಕಾವಲು.

ಕಾವಲಿಗೆ ಬೇಕಾದ ಸಿದ್ಧತೆ ದೊಡ್ಡದೇನಲ್ಲ. ಪುಟ ಮುಗಿಯಿತೆನಿಸಿದಾಗ ಮೌಸನ್ನು ಪಕ್ಕಕ್ಕಿಟ್ಟು ಕೀಲಿಮಣೆಯೊಂದರಿಂದಲೇ ಅದರಲ್ಲಿ ಓಡಾಡಿ ನೋಡುವುದು. ಓದುವ ಯಂತ್ರವನ್ನು ತೆರೆದು, ಕಣ್ಣು ಮುಚ್ಚಿ ಐದು ನಿಮಿಷ ಕೇಳುವುದು. ಭಾಷೆಯ ಜಾಗದಲ್ಲಿ ‘ಇ, ಎನ್’ ಅಳಿಸಿ ಕನ್ನಡದ ಸಂಕೇತವಾದ ‘ಕೆ, ಎನ್’ ಬರೆಯುವುದು. ಎಡಿಟರಿನ ಸೆಟ್ಟಿಂಗಿನಲ್ಲಿ ಒಮ್ಮೆ ಹೇಳಿಟ್ಟರೆ ಮುಂದೆ ಅದೇ ಹಾಗೆ ಹಾಕಿಕೊಡುತ್ತದೆ. ಒಂದಕ್ಷರದ ಬದಲಾವಣೆ. ಕೇಳುವವನಿಗೆ ಅದು ಪರಭಾಷೆಯ ತೊದಲಿಗೂ ತಾಯಿನುಡಿಗೂ ಇರುವ ಅಂತರ. ಯಂತ್ರ ಬರೆದುಕೊಟ್ಟ ವಿವರಣೆಯಿದ್ದರೆ ‘ಈ ಚಿತ್ರವನ್ನು ನಾನು ಇಲ್ಲಿ ಇಟ್ಟದ್ದು ಇದಕ್ಕೇ ಏನು?’ ಎಂದು ಒಮ್ಮೆ ಕೇಳಿಕೊಳ್ಳುವುದು. ಇದಕ್ಕೆ ವಿದ್ವತ್ತು ಬೇಡ. ಪತ್ರ ಬರೆದು ಮುಗಿಸಿದ ಮೇಲೆ, ತಲಪುವವರ ಹೆಸರನ್ನು ಮನಸ್ಸಿನಲ್ಲಿ ತಂದುಕೊಂಡು ಇನ್ನೊಮ್ಮೆ ಓದುವಷ್ಟು ಸಾವಧಾನವಿದ್ದರೆ ಸಾಕು.

ಖಾಲಿ ಬಿಡಬೇಕಾದ ಕಡೆ ಖಾಲಿಯನ್ನೇ ಬಿಡಬೇಕು, ಅದರಲ್ಲಿ ತಪ್ಪಿಲ್ಲ. ‘ಇಲ್ಲಿ ಏನೂ ಇಲ್ಲ’ ಎಂಬುದೂ ಒಂದು ಮಾತೇ, ನಂಬಿ ನಡೆಯುವವರು ಇರುವ ಮಾತು. ಅದನ್ನು ಆಡುವ ಮುನ್ನ ನಿಜವಾಗಿ ಏನೂ ಇಲ್ಲವೆ ಎಂದು ನಾವೇ ಹೋಗಿ ನೋಡಿ ಬರಬೇಕು.